ದೊಡ್ಡ ಅಕ್ಷರ ಮಾಡಿ ಬೈಸಿಕೊಂಡಿದ್ದು

ವಯಸ್ಸಾದವರ ಮನೆಗೆ ಹೋಗಿ ಕಂಪ್ಯೂಟರ್ ಬಳಸುವುದನ್ನು ಹೇಳಿಕೊಡುವುದು ನನ್ನ ಕೆಲಸ. ಕಣ್ಣು ಮಂದ ಅಂದರೆ ಸಾಕು, ಮೊದಲೆಲ್ಲ ನಾನು ಮಾಡುತ್ತಿದ್ದುದು ಒಂದೇ. ವಿಂಡೋಸ್ ಮ್ಯಾಗ್ನಿಫೈಯರ್ ಹಾಕಿ ಎಲ್ಲವನ್ನೂ 400 ಪರ್ಸೆಂಟ್ ದೊಡ್ಡದು ಮಾಡಿಬಿಡುತ್ತಿದ್ದೆ. ಮಲ್ಲೇಶ್ವರದ ಒಬ್ಬ ತಾತನಿಗೆ ಅದು ತುಂಬಾ ಹಿಡಿಸಿತ್ತು. ಅದೇ ಧೈರ್ಯದಲ್ಲಿ ಬಸವನಗುಡಿಯ ನಿವೃತ್ತ ಟೀಚರ್ ಒಬ್ಬರ ಮನೆಯಲ್ಲೂ ಹಾಗೇ ಮಾಡಿದೆ.

“ಏನಪ್ಪಾ, ಆನೇನ ತಂದು ಮೂಗಿನ ಮುಂದೆ ನಿಲ್ಲಿಸಿದ್ದೀಯ. ಸೊಂಡಿಲು ಯಾವುದು, ಬಾಲ ಯಾವುದು?” ಎಂದರು.

ಅವರಿಗೆ ಗ್ಲಾಕೋಮಾ. ನಾನು ಕೇಳಿಯೇ ಇರಲಿಲ್ಲ. ತಾತನಿಗೆ ಇದ್ದಿದ್ದು ಮ್ಯಾಕುಲಾ ಸವೆತ. ಅದರಲ್ಲಿ ನೋಟದ ನಡುಭಾಗ ಮಸುಕು, ಅಂಚು ಉಳಿದಿರುತ್ತದೆ. ಅಕ್ಷರ ದೊಡ್ಡದಾದರೆ ಮಸುಕಿನ ಆಚೆಗೂ ಚಾಚುತ್ತದೆ, ಓದಬಹುದು. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಅಂಚೇ ಮೊದಲು ಹೋಗುವುದು. ಜಾಸ್ತಿಯಾದರೆ ಕೊಳವೆಯೊಳಗಿಂದ ನೋಡಿದ ಹಾಗೆ. ರಾತ್ರಿ ಮನೆಯಲ್ಲಿ ಪೇಪರ್ ಸುರುಳಿ ಸುತ್ತಿ ಅದರೊಳಗಿಂದ ನನ್ನದೇ ಸ್ಕ್ರೀನ್ ನೋಡಿದೆ. ‘ಕ್ಷ’ದ ಹೊಟ್ಟೆ ಮಾತ್ರ ಕಾಣಿಸಿತು.

ಮರುದಿನ ಹೋಗಿ ಎಲ್ಲ ತೆಗೆದೆ. ಅಕ್ಷರ ಸಾಧಾರಣ ಸೈಜು, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ, ಮೌಸಿನ ಬಾಣ ದಪ್ಪ. ಬ್ರೌಸರ್ ವಿಂಡೋವನ್ನು ಕಿರಿದು ಮಾಡಿದ್ದೇ ಅವರಿಗೆ ಹೆಚ್ಚು ಅನುಕೂಲವಾಯಿತು. ಸಾಲು ಚಿಕ್ಕದಾದರೆ ಮುಂದಿನ ಸಾಲು ಎಲ್ಲಿ ಶುರು ಎಂದು ತಡಕಾಡಬೇಕಿಲ್ಲ, ಅಲ್ವಾ?

ಉದ್ದದ ಬರಹಕ್ಕೆ ಎನ್‌ವಿಡಿಎ ಹಾಕಿದೆ. ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಅದರ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ, ರೋಬೋಟಿನ ಹಾಗೆ. “ಇವನಿಗೆ ಯಾರಪ್ಪಾ ಕನ್ನಡ ಕಲಿಸಿದ್ದು?” ಎಂದು ನಕ್ಕರು. ನಗು ನಿಂತಿದ್ದು ಅವರ ಹಳೇ ಪಾಠದ ಟಿಪ್ಪಣಿ ತೆರೆದಾಗ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎನ್‌ವಿಡಿಎ ಪಾಪ ಅದನ್ನೇ ಒದರಿತು. ಎಲ್ಲ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಒಳಗೂ ಕನ್ನಡವೇ ಇರುವ ಅಕ್ಷರ ಪದ್ಧತಿಗೆ, ಬದಲಿಸಲು ಎರಡು ಸಂಜೆ ಹಿಡಿಯಿತು.

ಕೀಬೋರ್ಡಿಗೆ ಏನು ಮಾಡುವುದು ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಒಳಗೆ ಹೋಗಿ ಸ್ಟಿಕ್ಕರ್ ಬೊಟ್ಟಿನ ಹಾಳೆ ತಂದರು. ಕಲ್ಲಿನ ಬೊಟ್ಟು. ಎಂಟರ್, ಇನ್ಸರ್ಟ್, ಎಸ್ಕೇಪ್ ಕೀಗಳಿಗೆ ಒಂದೊಂದು ಅಂಟಿಸಿ, ಬೆರಳಾಡಿಸಿ ನೋಡಿ, “ಈಗ ಲಕ್ಷಣವಾಗಿದೆ” ಎಂದರು.

ಮುಂದಿನ ವಾರ ಗಾಂಧಿಬಜಾರಿನಲ್ಲಿ ನಾನೂ ನಾಲ್ಕು ಹಾಳೆ ಕೊಂಡೆ. ಯಾರಿಗೆ ಎಂದು ಅಂಗಡಿಯವರು ಕೇಳಿದರು. ಕಂಪ್ಯೂಟರಿಗೆ ಎಂದೆ.