ಎಡಗಡೆ 1805, ಬಲಗಡೆ 1850

ಬಿಎ ಕೊನೇ ವರ್ಷ ಐಚ್ಛಿಕ ಇಂಗ್ಲಿಷ್ ತಗೊಂಡಿದ್ದವರು ನಾವು ಒಂಬತ್ತೇ ಜನ. ಮಧ್ಯಾಹ್ನದ ಊಟ ಆದ ಮೇಲೆ ಕ್ಲಾಸು. ಒಂದು ದಿನ ಮೇಡಂ ಬಂದವರೇ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಗೆರೆ ಎಳೆದರು. ಎಡಗಡೆ 1805 ಅಂತ ಬರೆದರು, ಬಲಗಡೆ 1850. ಅವತ್ತು ಶುರುವಾಗಿದ್ದು ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ತನ್ನ ಬದುಕಿನ ಬಗ್ಗೆಯೇ ಬರೆದ ಉದ್ದನೆಯ ಕವಿತೆ ‘ದಿ ಪ್ರಿಲ್ಯೂಡ್’.

ಈ ಕವಿತೆಯನ್ನು ಅವನು 1805ರಲ್ಲೇ ಹದಿಮೂರು ಭಾಗಗಳಲ್ಲಿ ಬರೆದು ಮುಗಿಸಿದ್ದ. ಆದರೆ ಅಚ್ಚಿಗೆ ಕೊಡಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ತಿದ್ದುತ್ತಾ ಹೋದ. 1850ರಲ್ಲಿ ಅವನು ತೀರಿಕೊಂಡ ಮೇಲೆ ಹದಿನಾಲ್ಕು ಭಾಗಗಳಾಗಿ ಹೊರಬಂತು. ಮೊದಲಿನ ರೂಪ ಅಚ್ಚಾಗಿದ್ದು 1926ರಲ್ಲಿ. ನಮ್ಮ ಲೈಬ್ರರಿಯಲ್ಲಿ ಎರಡನ್ನೂ ಎದುರುಬದುರು ಪುಟಗಳಲ್ಲಿ ಹಾಕಿದ್ದ ಪುಸ್ತಕವೊಂದಿತ್ತು.

ನನಗೆ ಕವಿ ಹಿಡಿಸಿದ್ದು ಒಂಬತ್ತನೇ ಭಾಗದಲ್ಲಿ. 1792, ಕ್ರಾಂತಿಯ ಫ್ರಾನ್ಸ್. ಇಪ್ಪತ್ತೆರಡರ ಹುಡುಗ ವರ್ಡ್ಸ್‌ವರ್ತ್, ಬೋಪ್ವಿ ಎಂಬ ಸೇನಾಧಿಕಾರಿಯ ಜೊತೆ ನಡೆದು ಹೋಗುತ್ತಿದ್ದಾನೆ. ದಾರಿಯಲ್ಲಿ ಹಸಿದು ಸೊರಗಿದ ಹುಡುಗಿಯೊಬ್ಬಳು. ಕಡಸಿನ ಹಗ್ಗವನ್ನು ತೋಳಿಗೆ ಕಟ್ಟಿಕೊಂಡಿದ್ದಾಳೆ. ಅದು ದಾರಿ ಬದಿಯಲ್ಲಿ ಮೇಯುತ್ತಿದೆ, ಅವಳ ಎರಡೂ ಕೈ ಹೆಣಿಗೆ ಹಾಕುತ್ತಿವೆ. ಬೋಪ್ವಿ ಅವಳನ್ನು ತೋರಿಸಿ, ನಾವು ಹೋರಾಡುತ್ತಿರುವುದು ಇದರ ವಿರುದ್ಧವೇ ಅನ್ನುತ್ತಾನೆ. ಆ ಸಾಲು ಓದಿದ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಏಳನೇ ಭಾಗದ ಬಲಗಡೆ ಪುಟ ಬಂತು. ಕ್ರಾಂತಿಯನ್ನು ಕಟುವಾಗಿ ಖಂಡಿಸಿದ್ದ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್‌ನನ್ನು ಅಲ್ಲಿ ಕವಿ ಹಾಡಿ ಹೊಗಳುತ್ತಾನೆ, ಕ್ಷಮಿಸು ಅಂತ ಕೇಳುತ್ತಾನೆ. ಎಡಗಡೆ ಪುಟದಲ್ಲಿ ಇದರ ಸುಳಿವೇ ಇಲ್ಲ. ವಯಸ್ಸಾದ ಮೇಲೆ ಸೇರಿಸಿದ ಸಾಲುಗಳು. ಅವನು ಮುಂದೆ 1843ರಲ್ಲಿ ಆಸ್ಥಾನಕವಿಯೂ ಆದ. ನಾನು ಎದ್ದು ನಿಂತು ಕೇಳಿದೆ: “ಮೇಡಂ, ಇದು ಕೊಟ್ಟ ಮಾತಿಗೆ ತಪ್ಪಿದ ಹಾಗಲ್ವಾ?”

ಮೇಡಂ ವಾದಕ್ಕೆ ಇಳಿಯಲಿಲ್ಲ. “ಹತ್ತನೇ ಭಾಗ ತೆಗಿ. ಎರಡೂ ಪುಟ ಜೋರಾಗಿ ಓದು” ಅಂದರು.

1793. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಯುದ್ಧ ಶುರುವಾಗಿದೆ. ಇಂಗ್ಲೆಂಡಿಗೆ ವಾಪಸ್ಸು ಬಂದ ಕವಿ ಹಳ್ಳಿಯ ಚರ್ಚಿನಲ್ಲಿ ಕೂತಿದ್ದಾನೆ. ಸುತ್ತಲಿನವರೆಲ್ಲ ತಮ್ಮ ದೇಶ ಗೆಲ್ಲಲಿ ಅಂತ ಪ್ರಾರ್ಥಿಸುತ್ತಿದ್ದಾರೆ. ಇವನು ಕರೆಯದೆ ಬಂದ ಅತಿಥಿಯಂತೆ ಸುಮ್ನೆ ಕೂತಿದ್ದಾನೆ. ಸಾವಿರಾರು ಇಂಗ್ಲಿಷರು ರಣರಂಗದಲ್ಲಿ ಸೋತು ಬಿದ್ದಾಗ ನನ್ನೆದೆ ಹಿಗ್ಗಿತು ಅಂತಾನೆ. ಹೇಳಲು ನೋವಾಗುವ ಸತ್ಯ ಇದು ಅಂತಾನೆ.

ಆಸ್ಥಾನಕವಿಗೆ ಈ ಸಾಲು ಹೊಡೆದುಹಾಕುವುದು ಎಷ್ಟು ಹೊತ್ತಿನ ಕೆಲಸ? ಹೊಡೆದುಹಾಕಲಿಲ್ಲ. ಬಲಗಡೆ ಪುಟದಲ್ಲೂ ಅದು ಹಾಗೇ ಇದೆ. ‘ನೋವಾಗುವ’ ಅನ್ನುವುದರ ಹಿಂದೆ ‘ಮೋಸ್ಟ್’ ಅಂತ ಒಂದು ಪದ ಬಂದಿದೆ. ತುಂಬಾ ನೋವಾಗುವ ಸತ್ಯ. ನಾನು ಓದುತ್ತಾ ಓದುತ್ತಾ ಅಲ್ಲಿ ನಿಂತುಬಿಟ್ಟೆ. ಮೇಡಂ ಬೋರ್ಡಿನ ಬಲಗಡೆ ಆ ಒಂದೇ ಪದ ಬರೆದು ಚಾಕ್‌ಪೀಸ್ ಕೆಳಗಿಟ್ಟರು. ಬೆಲ್ ಹೊಡೆಯುವವರೆಗೂ ಯಾರೂ ಮಾತಾಡಲಿಲ್ಲ.

ಮೇಡಂ, ಈ ಸಂಚಿಕೆ ನಿಮ್ಮ ಕೈ ಸೇರುತ್ತದೆ ಅಂತ ನನಗೆ ಗೊತ್ತು. ಬರ್ಕ್‌ನ ಸಾಲುಗಳನ್ನು ನಾನು ಈಗಲೂ ಒಪ್ಪಿಲ್ಲ. ಕವಿತೆಯಾಗಿಯೂ ಅವು ಸಪ್ಪೆ ಅನ್ನಿಸುತ್ತವೆ. ಆದರೆ ಹತ್ತನೇ ಭಾಗ ತೆಗೆದಾಗಲೆಲ್ಲ ಮೊದಲು ಬಲಗಡೆ ಪುಟವನ್ನೇ ಓದುತ್ತೇನೆ.