ಮಡಿ ಗಾಳಿ

ನನ್ನ ಕಾರಿನ ಚಕ್ರಗಳಿಗೆ, ಅಂದರೆ ಗಾಳಿ ತುಂಬುವ ವಾಲ್ವಿನ ಬಾಯಿಗೆ, ನೈಟ್ರೋಜನ್ ಗುರುತಿನ ಹಸಿರು ಟೋಪಿ ಬಂದಿದ್ದು ದೀಪಾವಳಿ ಮುಗಿದ ವಾರ. ಕಾರವಾರದ ಒಂದು ಟೈರ್ ಅಂಗಡಿಗೆ ಅಲೈನ್‌ಮೆಂಟ್ ಮಾಡಿಸಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಅಲ್ಲಿದ್ದ ಹುಡುಗ, "ಸರ್, ನೈಟ್ರೋಜನ್ ಹಾಕಿಬಿಡ್ಲಾ?" ಅಂದ. ಮೂಲೆಯಲ್ಲಿ ಫ್ರಿಜ್ಜಿನಷ್ಟು ಎತ್ತರದ ಒಂದು ಯಂತ್ರ ನಿಂತಿತ್ತು. ಚಕ್ರಕ್ಕೆ 50 ರೂಪಾಯಿ. ಟೈರ್ ಬಿಸಿಯಾಗೋದಿಲ್ಲ, ಮೈಲೇಜ್ ಜಾಸ್ತಿ ಬರುತ್ತೆ, ಮೂರು ತಿಂಗಳು ಗಾಳಿ ಕಡೆ ತಿರುಗಿ ನೋಡೋದೇ ಬೇಡ ಎಂದೆಲ್ಲ ಹೇಳಿದ. ನಾನು ಬಿದ್ದಿದ್ದು ಆ ಕೊನೆಯ ಮಾತಿಗೆ. ಬಂಕ್‌ನಲ್ಲಿ ಸಾಲು ನಿಂತು ಗಾಳಿ ಹೊಡೆಸುವುದೆಂದರೆ ನನಗೆ ಮೊದಲಿಂದಲೂ ಬೇಸರ.

"ಸ್ಟೆಪ್ನಿಗೂ ಹಾಕ್ಲಾ?" ಎಂದು ಕೇಳಿದ. ಬೇಡ ಎಂದೆ. 50 ರೂಪಾಯಿ ಉಳಿಯಿತಲ್ಲ!

ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಾತಾವರಣದಲ್ಲಿ 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು. ನಾವು ಓದುವಾಗ ಅದನ್ನು ಸಾರಜನಕ ಅನ್ನುತ್ತಿದ್ದರು. ಆ ಹುಡುಗ "ಸರ್, ಸಾರಜನಕ ಹಾಕ್ಲಾ?" ಎಂದು ಕೇಳಿದ್ದರೆ ಬಹುಶಃ ನಾನು 200 ರೂಪಾಯಿ ಕೊಡುತ್ತಿರಲಿಲ್ಲ.

ವಾರವಿಡೀ ಕಾರವಾರದಲ್ಲಿ ಬಾಡಿಗೆ ಮನೆ, ಶನಿವಾರ ಶಿರಸಿ ಪಕ್ಕದ ನಮ್ಮ ಹಳ್ಳಿ. ಕುಮಟಾ ಮೇಲೆ ಹೋದರೆ ನೂರಿಪ್ಪತ್ತು ಕಿಲೋಮೀಟರ್ ಆಚೀಚೆ. ಜನವರಿಯ ಒಂದು ಸೋಮವಾರ ಬೆಳಿಗ್ಗೆ ಆರಕ್ಕೇ ಹೊರಟೆ. ಅಪ್ಪನಿಗೆ ಕಾರವಾರದಲ್ಲಿ ಕಚೇರಿ ಕೆಲಸವಿತ್ತು, ಅವರೂ ಜೊತೆಗೆ. ಶಿರಸಿ ಕಡೆಯವರಿಗೆ ಜಿಲ್ಲಾ ಕೇಂದ್ರ ಎಂದರೆ ಘಟ್ಟ ಇಳಿದು, ಸಮುದ್ರ ನೋಡಿ, ಮತ್ತೂ ಒಂದೂವರೆ ತಾಸು ಹೋಗಬೇಕಾದ ಊರು. ಅಪ್ಪ ಅದಕ್ಕೆ ತಕ್ಕ ತಯಾರಿಯಲ್ಲೇ ಬಂದಿದ್ದರು. ಕವಳದ (ಎಲೆಯಡಿಕೆಯ) ಸಂಚಿ, ಶಾಲು, ಎರಡು ದಿನದ ಬಟ್ಟೆ.

ತೋಟದ ಮೇಲೆಲ್ಲ ಮಂಜು. ರಾಗಿಹೊಸಳ್ಳಿ ದಾಟಿದ ಮೇಲೆ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಮೊದಲು ರಸ್ತೆಯ ದೋಷ ಅಂದುಕೊಂಡೆ. ಆ ದಾರಿಯಲ್ಲಿ ಏನೇ ಆದರೂ ಮೊದಲು ರಸ್ತೆಯನ್ನೇ ಬೈಯುವುದು ರೂಢಿ. ಆಮೇಲೆ ಎಡ ಮುಂದಿನ ಚಕ್ರದಿಂದ ಒದ್ದೆ ಬಟ್ಟೆ ಒಗೆದ ಹಾಗೆ ಸದ್ದು ಬಂತು. ಇಳಿದು ನೋಡಿದರೆ ಟೈರು ಅಪ್ಪಚ್ಚಿ. ಅದರ ಹಸಿರು ಟೋಪಿ ಮಾತ್ರ ಫಳಫಳ ಹೊಳೆಯುತ್ತಿತ್ತು.

ಅಪ್ಪನೂ ಇಳಿದು ಬಂದು ಟೋಪಿ ನೋಡಿದರು. ಅದೆಂತದು ಎಂದು ಕೇಳಿದರು. ಹೇಳಿದೆ.

"ಗಾಳಿಗೂ ದುಡ್ಡು ಕೊಟ್ಯನಾ ತಮಾ?"

ಮಾಸ್ತರಿಕೆ ಸುಮ್ನಿರಲು ಬಿಡುತ್ತದೆಯೇ? ಇದು ಬರೀ ಗಾಳಿಯಲ್ಲ, ಶುದ್ಧ ಮಾಡಿದ್ದು, ತೇವದ ಪಸೆ ಇರುವುದಿಲ್ಲ, ಬೇರೆ ಗಾಳಿ ಬೆರೆಸಬಾರದು ಎಂದು ಜಾಕ್ ತೆಗೆಯುತ್ತಲೇ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಮಡಿ ಗಾಳಿ ಹೇಳಿ ಆತು" ಅಂದರು. ಆ ಹೆಸರು ನಮ್ಮ ಮನೆಯಲ್ಲಿ ಅಂದಿನಿಂದ ಖಾಯಂ.

ಸ್ಟೆಪ್ನಿ ಕೆಳಗಿಳಿಸಿದೆ. ಹೆಬ್ಬೆರಳಲ್ಲಿ ಒತ್ತಿದರೆ ಹಲಸಿನ ಹಣ್ಣು ಒತ್ತಿದ ಹಾಗೆ ಒಳಗೆ ಹೋಯಿತು. ಅದಕ್ಕೆ ಗಾಳಿ ಹೊಡೆಸಿ ಎರಡು ವರ್ಷವಾಗಿತ್ತೋ, ಮೂರಾಗಿತ್ತೋ. ಉಳಿಸಿದ 50 ರೂಪಾಯಿ ನೆನಪಾಯಿತು. ಆದರೆ ಪುಕ್ಕಟೆ ಗಾಳಿ ಹೊಡೆಸಿದ್ದರೂ ಸಾಕಿತ್ತಲ್ಲ, ಅದನ್ನೂ ಮಾಡಿರಲಿಲ್ಲ.

ಅರ್ಧ ತಾಸಿನ ನಂತರ ಹಾಲಿನ ಕ್ಯಾನು ತುಂಬಿದ ಓಮ್ನಿಯೊಂದು ಬಂದು ನಿಂತಿತು. ಪುಣ್ಯಕ್ಕೆ ಅವನ ಬಳಿ ಕಾಲಲ್ಲಿ ತುಳಿಯುವ ಪಂಪಿತ್ತು. ಅದರ ಮುಳ್ಳು 12 ಪಿಎಸ್‌ಐ (ಟೈರ್ ಒತ್ತಡದ ಅಳತೆ) ತೋರಿಸುತ್ತಿತ್ತು. ತುಳಿದೆ. ಅಪ್ಪ ಎಣಿಸುತ್ತಿದ್ದರು. ಇನ್ನೂರು ದಾಟಿದ ಮೇಲೆ ಎಣಿಕೆ ಬಿಟ್ಟು ಕವಳ ಹಾಕಿದರು. ಮುಳ್ಳು 28ಕ್ಕೆ ಬಂದಾಗ ನನ್ನ ಮೀನಖಂಡ ಮಾತಾಡುತ್ತಿತ್ತು. ಆ ಚಳಿಯಲ್ಲೂ ಅಂಗಿ ಒದ್ದೆ.

ದೇವಿಮನೆಯಲ್ಲಿ ನಿಂತು ಕೈಮುಗಿದು, ಘಟ್ಟವನ್ನು ಎರಡನೇ ಗೇರಿನಲ್ಲಿ ಇಳಿಸಿದೆ. ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಅರ್ಧ ದಿನದ ರಜೆ ಹೇಳಿದೆ.

ಕತಗಾಲದ ಪಂಕ್ಚರ್ ಅಂಗಡಿಯವ ಆಗಷ್ಟೇ ಬಾಗಿಲು ತೆಗೆದಿದ್ದ. ನಮ್ಮನ್ನು ಕೂರಿಸಿ, ಮೊದಲು ಕಂಪ್ರೆಸರ್ ಟ್ಯಾಂಕಿನ ಕೆಳಗೆ ಕೈ ಹಾಕಿ ಒಂದು ನಟ್ಟು ಸಡಿಲಿಸಿದ. ಬುಸ್ ಎಂದು ಚಹಾದ ಬಣ್ಣದ ನೀರು ಹಾರಿತು. ಸುಮಾರು ಒಂದು ಲೋಟದಷ್ಟಿದ್ದೀತು. "ದಿನಾ ತೆಗೀಬೇಕು ಮಾಸ್ತರ್ರೇ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ. ಇಲ್ದಿದ್ರೆ ಟೈರಿನೊಳಗೆ ನೀರೇ ಹೋಗ್ತದೆ" ಅಂದ. ಕರಾವಳಿಯ ಗಾಳಿ ಅಂದರೆ ಅರ್ಧ ನೀರು ಎಂದು ನಾವು ತಮಾಷೆಗೆ ಹೇಳುತ್ತೇವಲ್ಲ, ಅದನ್ನು ಕಣ್ಣಾರೆ ಕಂಡ ಹಾಗಾಯಿತು. ಗಾಳಿಯನ್ನು ಒತ್ತಿ ಹಿಂಡಿದಾಗ ಅದರಲ್ಲಿದ್ದ ಆವಿ ಟ್ಯಾಂಕಿನಲ್ಲಿ ನೀರಾಗಿ ಇಳಿಯುತ್ತದೆ. ನೈಟ್ರೋಜನ್ ಯಂತ್ರದ ಒಂದು ನಿಜವಾದ ಗುಣ ಇಲ್ಲೇ ಇದೆ. ಅದರಿಂದ ಬರುವ ಗಾಳಿ ಒಣಗಿರುತ್ತದೆ. ತೇವ ಇದ್ದ ಗಾಳಿ ಟೈರ್ ಬಿಸಿಯಾದಾಗ ಒತ್ತಡವನ್ನು ಸ್ವಲ್ಪ ಆಚೀಚೆ ಮಾಡುತ್ತದೆ, ರಿಮ್ಮಿನ ಒಳಮೈಗೂ ಒಳ್ಳೆಯದಲ್ಲ. ಆದರೆ ದಿನಾ ನೀರು ತೆಗೆಯುವ ಅಂಗಡಿಯವನಿದ್ದರೆ ಈ ಚಿಂತೆಯೂ ಅರ್ಧಕ್ಕರ್ಧ ಕಡಿಮೆ.

ಚಕ್ರಕ್ಕೆ ಗಾಳಿ ತುಂಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸಿದ. ಮೊಳೆಯನ್ನು ಹುಡುಕುತ್ತಿದ್ದಾನೆ ಅಂದುಕೊಂಡೆ. ಟೈರಿನ ಮೈಯಲ್ಲಿ ಎಲ್ಲೂ ಗುಳ್ಳೆ ಇಲ್ಲ. ರಿಮ್ಮೂ ಟೈರೂ ಕೂಡುವ ಅಂಚಿನಲ್ಲಿ, ಅಂಗೈಯಗಲ ಜಾಗದಲ್ಲಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಟೈರ್ ಬಿಚ್ಚಿದ. ರಿಮ್ಮಿನ ಅಂಚಿಗೆ ಉಗುರು ಹಾಕಿದರೆ ತುಕ್ಕು ಹಪ್ಪಳದಂತೆ ಎದ್ದು ಬಂತು.

"ಗಾಡಿ ಎಲ್ಲಿ ನಿಲ್ಲಿಸ್ತೀರಿ?"

"ಕಾರವಾರದಲ್ಲಿ. ಬೀಚಿಗೆ ಹತ್ತಿರ."

"ಹಾಂ, ಉಪ್ಪು ಗಾಳಿ."

ಅಂದರೆ ಒಳಗಿನ ಗಾಳಿಗೆ 200 ರೂಪಾಯಿ ಕೊಟ್ಟೆ, ಕೆಲಸ ಕೆಡಿಸಿದ್ದು ಹೊರಗಿನ ಗಾಳಿ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಹಿಡಿದಿಡುವುದು ಆ ಅಂಚಿನ ಬಿಗಿತ. ಅಲ್ಲಿ ಸಂದು ಬಿದ್ದರೆ ನೈಟ್ರೋಜನ್ ಆದರೇನು, ಆಕ್ಸಿಜನ್ ಆದರೇನು, ಎರಡೂ ಒಂದೇ ಬಾಗಿಲಲ್ಲಿ ಹೊರಗೆ ಹೋಗುತ್ತವೆ. ಎರಡೂವರೆ ತಿಂಗಳು ಸ್ವಲ್ಪ ಸ್ವಲ್ಪ ಸೋರಿದೆ. ಹಸಿರು ಟೋಪಿ ನಂಬಿ ನಾನು ಒಂದು ಸಲವೂ ಒತ್ತಡ ನೋಡಲಿಲ್ಲ. ಹಿಂದೆ ಬೇಸರ ಮಾಡಿಕೊಂಡಾದರೂ ತಿಂಗಳಿಗೊಮ್ಮೆ ಬಂಕ್‌ನಲ್ಲಿ ನಿಲ್ಲುತ್ತಿದ್ದೆ. ಮಡಿ ಗಾಳಿ ಬಂದ ಮೇಲೆ ಅದೂ ಹೋಯಿತು.

ಅವನು ತಂತಿ ಬ್ರಶ್ಶಿನಲ್ಲಿ ತುಕ್ಕು ಕೆರೆದು, ಪಾಲಿಶ್ ಕಾಗದ ಉಜ್ಜಿ, ಅಂಚಿಗೆ ಕಪ್ಪು ಅಂಟು ಬಳಿದು ಟೈರ್ ಕೂರಿಸಿದ. ಗಾಳಿ ಹೊಡೆಯಲು ಪೈಪ್ ಎತ್ತಿದಾಗ ನನಗೆ ಮತ್ತೆ ಸಂಶಯ. ಉಳಿದ ಮೂರರಲ್ಲಿ ನೈಟ್ರೋಜನ್ ಇದೆಯಲ್ಲ, ಇದಕ್ಕೆ ಮಾಮೂಲಿ ಗಾಳಿ ಹಾಕಿದರೆ ನಡೆಯುತ್ತದಾ?

ಅವನು ಪೈಪ್ ಹಿಡಿದುಕೊಂಡೇ ನನ್ನನ್ನು ನೋಡಿದ. "ಹಾಕಿದ್ರೆ ಜಗಳ ಮಾಡ್ತಾವಾ?"

ಅಪ್ಪ ಕವಳ ಉಗಿಯಲು ಹೊರಗೆ ಹೋದರು. ನಗು ತಡೆಯಲಾಗದೆ ಹೋಗಿದ್ದು ಎಂದು ನನ್ನ ಗುಮಾನಿ.

ಜಗಳ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ಅವು ಮೊದಲೇ ಬೆರೆತಿರುತ್ತವೆ. ಆ ಯಂತ್ರ ನೈಟ್ರೋಜನ್ ತಯಾರಿಸುವುದಿಲ್ಲ. ನಾವು ಉಸಿರಾಡುವ ಇದೇ ಗಾಳಿಯನ್ನು ಎಳೆದುಕೊಂಡು, ಸಣ್ಣ ಟೊಳ್ಳು ನೂಲುಗಳ ಕಟ್ಟಿನ ಮೂಲಕವೋ ಇಂಗಾಲದ ಹರಳುಗಳ ಮೂಲಕವೋ ಹಾಯಿಸಿ, ಆಕ್ಸಿಜನ್ನನ್ನೂ ಆವಿಯನ್ನೂ ಬೇರೆ ಮಾಡುತ್ತದೆ. ಉಳಿದಿದ್ದನ್ನು ನಮಗೆ ಮಾರುತ್ತಾರೆ. ಅಂಗಡಿಯ ಹುಡುಗ ಹಳೆಯ ಗಾಳಿ ಬಿಟ್ಟು, ಬುಸ್ ಸದ್ದು ನಿಂತ ಕೂಡಲೇ ಹೊಸದು ತುಂಬಿದ್ದ. ಸದ್ದು ನಿಂತರೆ ಟೈರ್ ಖಾಲಿ ಎಂದಲ್ಲ. ಹೊರಗಿನಷ್ಟೇ ಒತ್ತಡದ ಗಾಳಿ, ಅಂದರೆ 14.7 ಪಿಎಸ್‌ಐ, ಒಳಗೆ ಉಳಿದಿರುತ್ತದೆ. ಅದರ ಮೇಲೆ 33 ತುಂಬಿದರೆ ಒಟ್ಟು 47.7. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಮೊದಲಿನ ಮಾಮೂಲಿ ಗಾಳಿಯೇ. ಯಂತ್ರ ಕೊಡುವುದು 95 ಭಾಗ ಶುದ್ಧ ಅಂತಿಟ್ಟುಕೊಂಡರೂ ಟೈರಿನೊಳಗೆ ಆಗುವುದು 90. 78 ಇದ್ದಿದ್ದು 90 ಆಯಿತು, ಅಷ್ಟೇ. ಎರಡು ಮೂರು ಸಲ ತುಂಬಿ ಬಿಟ್ಟರೆ ಇನ್ನೂ ಏರುತ್ತದೆ. ಯಾರಿಗೆ ಅಷ್ಟು ಪುರುಸೊತ್ತು?

ಪಂಕ್ಚರಿನವ ಕಪ್ಪು ಟೋಪಿ ಹಾಕಿಕೊಟ್ಟ. ಹಸಿರು ಟೋಪಿ ಆ ಗಲಾಟೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಆ ಸಂಜೆ ಅಪ್ಪನನ್ನು ಟ್ಯಾಗೋರ್ ಬೀಚಿಗೆ ಕರೆದುಕೊಂಡು ಹೋದೆ. ಚಪಲ್ ಯುದ್ಧನೌಕೆಯ ಪಕ್ಕದಲ್ಲೇ ನೌಕಾಪಡೆಯ ಹಳೆಯ ಟುಪೊಲೆವ್ 142 ವಿಮಾನ ನಿಲ್ಲಿಸಿದ್ದಾರಲ್ಲ, ಅಪ್ಪ ಅದನ್ನು ನೋಡಿರಲಿಲ್ಲ. ರಸ್ತೆಯಿಂದಲೇ ನೋಡಿದೆವು. ಎಲ್ಲರೂ ಅದರ ರೆಕ್ಕೆ ನೋಡುತ್ತಾರೆ, ಫ್ಯಾನು ನೋಡುತ್ತಾರೆ. ಅಂದು ನಾವಿಬ್ಬರೂ ಚಕ್ರ ನೋಡಿದೆವು.

ವಿಮಾನದ ಟೈರಿಗೆ ನೈಟ್ರೋಜನ್ ಶೋಕಿಯಲ್ಲ. ಬ್ರೇಕು ಕೆಂಡದಂತೆ ಕಾದಾಗ ಟೈರಿನೊಳಗೆ ಆಕ್ಸಿಜನ್ ಇದ್ದರೆ ರಬ್ಬರಿನಿಂದ ಏಳುವ ಆವಿಯ ಜೊತೆ ಸೇರಿ ಸಿಡಿಯಬಹುದು. 1986ರ ಮಾರ್ಚ್ 31ರಂದು ಮೆಕ್ಸಿಕೋ ಸಿಟಿಯಿಂದ ಹೊರಟ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727ರಲ್ಲಿ ಹೀಗೇ ಆಯಿತು. ಟೈರಿಗೆ ನೈಟ್ರೋಜನ್ ಬದಲು ಮಾಮೂಲಿ ಗಾಳಿ ತುಂಬಿದ್ದರು. ಬ್ರೇಕ್ ಕಾದು ಟೈರ್ ಆಕಾಶದಲ್ಲೇ ಸಿಡಿಯಿತು. ವಿಮಾನದಲ್ಲಿದ್ದ 167 ಜನರೂ ಸತ್ತರು. ದೊಡ್ಡ ವಿಮಾನಗಳ ಟೈರಿನಲ್ಲಿ ಆಕ್ಸಿಜನ್ 5 ಭಾಗಕ್ಕಿಂತ ಜಾಸ್ತಿ ಇರಬಾರದು ಎಂದು ಅಮೆರಿಕದ ನಿಯಮವೇ ಇದೆ. ಇದನ್ನೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನಿನ್ನ ಕಾರು ಹಾರ್ತನಾ?"

ಆದರೂ ಒಂದು ಲಾಭವಾಯಿತು. ಮೂರು ಚಕ್ರದಲ್ಲಿ ಮಡಿ ಗಾಳಿ, ಒಂದರಲ್ಲಿ ಕತಗಾಲದ ಗಾಳಿ. ಬೇಕೆಂದು ಮಾಡಿದ್ದರೂ ಇಂಥ ಪ್ರಯೋಗ ಸಿಗುತ್ತಿರಲಿಲ್ಲ. 400 ರೂಪಾಯಿಯ ಒಂದು ಗೇಜ್ ತಂದೆ, ನಾಲ್ಕಕ್ಕೂ 33 ಮಾಡಿಕೊಂಡೆ. ವಾರಕ್ಕೆ ಎರಡು ಸಲ ನೋಡಿ ಬರೆದೆ. ಒಂಬತ್ತನೇ ಕ್ಲಾಸಿನ ಮಕ್ಕಳು ಅದನ್ನು ಗ್ರಾಫ್ ಹಾಳೆಯ ಮೇಲೆ ಎಳೆದರು.

ಮೊದಲು ಕಂಡಿದ್ದು ಇದು: ಕಾರವಾರದ ಮಧ್ಯಾಹ್ನ 33 ಇದ್ದಿದ್ದು ಶಿರಸಿಯ ಚಳಿಯ ಬೆಳಿಗ್ಗೆ 32ಕ್ಕಿಂತ ಕೆಳಗೆ. ನಾಲ್ಕೂ ಚಕ್ರ ಒಟ್ಟಿಗೇ ಇಳಿದು, ಕಾರವಾರಕ್ಕೆ ಬಂದ ಮೇಲೆ ಒಟ್ಟಿಗೇ ಏರುತ್ತಿದ್ದವು. ಹತ್ತು ಡಿಗ್ರಿ ಚಳಿ ಹೆಚ್ಚಾದರೆ ಒಂದೂವರೆ ಪಿಎಸ್‌ಐ ಇಳಿಯುತ್ತದೆ, ಅದು ಯಾವ ಅನಿಲವಾದರೂ ಅಷ್ಟೇ. ಹದಿನೈದು ಡಿಗ್ರಿಗೆ ಎರಡೂಕಾಲು ಇಳಿಯಬೇಕಿತ್ತಲ್ಲ ಸರ್, ಒಂದೂಕಾಲೇ ಯಾಕೆ ಇಳಿದಿದೆ ಎಂದು ಒಬ್ಬಳು ಹುಡುಗಿ ಕೇಳಿದಳು. ನನಗೆ ಹೊಳೆದಿರಲಿಲ್ಲ! ರಾತ್ರಿ ಕೂತು ಯೋಚಿಸಿದೆ. ಶಿರಸಿ ಸಮುದ್ರದಿಂದ 600 ಮೀಟರ್ ಎತ್ತರ ಹತ್ತಿರ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಒಂದು ಪಿಎಸ್‌ಐ ಕಡಿಮೆ. ಗೇಜ್ ತೋರಿಸುವುದು ಒಳಗಿಗೂ ಹೊರಗಿಗೂ ಇರುವ ವ್ಯತ್ಯಾಸ ತಾನೇ. ಹಾಗಾಗಿ ಘಟ್ಟ ಹತ್ತಿದ್ದಕ್ಕೆ ಒಂದು ಅಂಕ ವಾಪಸ್ ಸಿಕ್ಕಿದೆ. ಮರುದಿನ ಅವಳಿಗೆ ಹೇಳಿದಾಗ, "ಹಾಂ, ಅದೇ ಇರಬೇಕು ಅಂದ್ಕೊಂಡೆ" ಅಂದಳು.

ಟೈರ್ ಬಿಸಿಯಾಗುವುದಿಲ್ಲ ಎಂಬ ಮಾತಂತೂ ಗಾಳಿಗೋಪುರ. ಚಕ್ರ ಉರುಳುವಾಗ ರಬ್ಬರ್ ಬಾಗಿ ಬಾಗಿ ಬಿಸಿಯಾಗುತ್ತದೆ. ಗಾಳಿ ಕಡಿಮೆಯಿದ್ದರೆ ಇನ್ನೂ ಜಾಸ್ತಿ.

ಮೂರು ತಿಂಗಳ ನಂತರ ಹಿಂದಿನ ಎರಡು ನೈಟ್ರೋಜನ್ ಚಕ್ರಗಳು ಅರ್ಧ ಪಿಎಸ್‌ಐ ಇಳಿದಿದ್ದವು. ಕತಗಾಲದ್ದು ಒಂದು ಇಳಿದಿತ್ತು. ಮೂರನೇ ನೈಟ್ರೋಜನ್ ಚಕ್ರ ಐದು ಇಳಿದಿತ್ತು, ಅದರಲ್ಲಿ ಮೊಳೆ ಇತ್ತು. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು 31 ಬಗೆಯ ಟೈರುಗಳಿಗೆ 30 ಪಿಎಸ್‌ಐ ತುಂಬಿ ವರ್ಷವಿಡೀ ಹೊರಗಿಟ್ಟು ನೋಡಿದ್ದರು. ನೈಟ್ರೋಜನ್ ಸರಾಸರಿ 2.2 ಇಳಿಯಿತು, ಮಾಮೂಲಿ ಗಾಳಿ 3.5. ಆಕ್ಸಿಜನ್ ರಬ್ಬರಿನ ಮೂಲಕ ಸ್ವಲ್ಪ ಬೇಗ ನುಸುಳುವುದು ನಿಜ. ವರ್ಷಕ್ಕೆ 1.3ರ ವ್ಯತ್ಯಾಸ. ಶಿರಸಿಯಲ್ಲಿ ಒಂದು ರಾತ್ರಿ ಕಾರು ನಿಲ್ಲಿಸಿದರೆ ಗೇಜಿನ ಮೇಲೆ ಅಷ್ಟೇ ಇಳಿದಿರುತ್ತದೆ.

ಈಗ ತಿಂಗಳಿಗೆ ಎರಡು ಸಲ ಗಾಡಿ ಬಿಸಿಯಾಗುವ ಮೊದಲು ನೋಡುತ್ತೇನೆ. ಸ್ಟೆಪ್ನಿಯನ್ನೂ. ಕಡಿಮೆಯಿದ್ದರೆ ಕುಮಟಾದ ಬಂಕ್‌ನಲ್ಲಿ ಪುಕ್ಕಟೆ ಗಾಳಿ. ಮೊದಲ ಸಲ ಹೋದಾಗ ಅಲ್ಲಿಯ ಹುಡುಗ ಹಸಿರು ಟೋಪಿ ನೋಡಿ ಕೈ ಹಿಂದೆ ತೆಗೆದ. "ಇದು ನೈಟ್ರೋಜನ್ ಸರ್, ನಾವು ಹಾಕಲ್ಲ." ಪಕ್ಕದಲ್ಲೇ ಕೂತಿದ್ದ ಅಪ್ಪನ ಮುಖ ನೋಡುವ ಧೈರ್ಯ ಆಗಲಿಲ್ಲ. ಇಳಿದು ಮೂರನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಐದೈದು ರೂಪಾಯಿಯ ಕಪ್ಪು ಟೋಪಿ ಕೊಂಡೆ.

ಹಸಿರಿನವು ಈಗ ಮಗಳ ಬಳಿ ಇವೆ. ಚೌಕಾಬಾರದಲ್ಲಿ ಅವು ಅವಳ ಕಾಯಿಗಳು. ನಾಲ್ಕು ಬೇಕಲ್ಲ, ಒಂದು ಕಡಿಮೆ ಬಿತ್ತು. ಅದರ ಜಾಗಕ್ಕೆ ಅಜ್ಜ ಸಂಚಿಯಿಂದ ಒಂದು ಅಡಿಕೆ ಹೋಳು ತೆಗೆದು ಕೊಟ್ಟಿದ್ದಾರೆ.