ಹಿಂದಿನಿಂದ ತೆರೆಯುವ ನೋಟ್‌ಬುಕ್

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ, ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ನಮ್ಮ ಕಡೆಯಿಂದ ಬರುವ ಕುಟುಂಬಗಳ ಜೊತೆ ಓಡಾಡುವ ಕೆಲಸವನ್ನು ನಾನಾಗಿಯೇ ಹಚ್ಚಿಕೊಂಡೆ. 1941ರಲ್ಲಿ ಆರಂಭವಾದ ಈ ಕ್ಯಾನ್ಸರ್ ಆಸ್ಪತ್ರೆಗೆ ದೇಶದ ಎಲ್ಲ ಮೂಲೆಗಳಿಂದ ಜನ ಬರುತ್ತಾರೆ. ಕಲಬುರಗಿ, ಬೀದರ್, ವಿಜಯಪುರದ ಹಳ್ಳಿಗಳವರಿಗಂತೂ ಮುಂಬಯಿ ಹೊಸ ಊರಲ್ಲ, ಏಕೆಂದರೆ ಆ ಹಳ್ಳಿಗಳ ಯಾರಾದರೊಬ್ಬರು ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದು ನೆಲೆ ನಿಂತೇ ಇರುತ್ತಾರೆ. ಗಂಡಸರು ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತಾರೆ. ಆದರೆ ವಾರ್ಡಿನಲ್ಲಿ ಮಕ್ಕಳ ಪಕ್ಕದಲ್ಲಿ ಉಳಿಯುವವರು ತಾಯಂದಿರು. ವೈದ್ಯರು ಹೇಳಿದ್ದನ್ನು ಅವರಿಗೆ ಕನ್ನಡದಲ್ಲಿ ತಿಳಿಸಿ, ಅವರು ಕೇಳಬೇಕೆಂದು ನುಂಗಿಕೊಂಡ ಪ್ರಶ್ನೆಗಳನ್ನು ಕೇಳುವುದು ನನ್ನ ಪಾಲಿನ ಕೆಲಸ.

ಹಾಗೆ ಪರಿಚಯವಾದವಳು ಕಲಬುರಗಿ ಕಡೆಯ ಒಬ್ಬ ಹುಡುಗಿ. ವಯಸ್ಸು ಹದಿನೇಳು, ಪಿಯುಸಿ ಓದು ಅರ್ಧಕ್ಕೆ ನಿಂತಿತ್ತು. ಕಾಯಿಲೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಅಸ್ಥಿಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ಇದರ ಚಿಕಿತ್ಸೆ ಒಂದೆರಡು ತಿಂಗಳಲ್ಲಿ ಮುಗಿಯುವಂಥದಲ್ಲ. ಮೊದಲ ತಿಂಗಳುಗಳಲ್ಲಿ ಬಿರುಸಾದ ಕೀಮೋ, ಬೆನ್ನುಹುರಿಯ ದ್ರವಕ್ಕೆ ಕೊಡುವ ಚುಚ್ಚುಮದ್ದು, ಆಮೇಲೆ ಗುಳಿಗೆಗಳ ಮೇಲೆ ನಡೆಯುವ ದೀರ್ಘ ಹಂತ, ಎಲ್ಲ ಸೇರಿ ಎರಡು ವರ್ಷ ದಾಟುತ್ತದೆ. ಅವಳ ಮನೆಯವರು ಅವಳೆದುರು 'ರಕ್ತ ಕಮ್ಮಿ ಆಗ್ಯಾದ' ಎಂದಷ್ಟೇ ಹೇಳುತ್ತಿದ್ದರು. ಆಸ್ಪತ್ರೆಯ ಬಾಗಿಲಿನ ಫಲಕವನ್ನು ಹುಡುಗಿ ಬಂದ ದಿನವೇ ಓದಿಕೊಂಡಿದ್ದಳು ಎಂಬುದು ಅವರಿಗೆ ಹೊಳೆದಿರಲಿಲ್ಲ.

ನೋಟ್‌ಬುಕ್ ಬಂದದ್ದು ಜ್ವರದ ಲೆಕ್ಕಕ್ಕಾಗಿ. ಕೀಮೋದ ದಿನಗಳಲ್ಲಿ ಬಿಳಿ ರಕ್ತಕಣಗಳು ಕುಸಿದಾಗ ಸಣ್ಣ ಸೋಂಕೂ ಪ್ರಾಣಕ್ಕೆ ಕುತ್ತು ತರುವುದರಿಂದ, ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತೆಂದರೆ ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಬರಬೇಕು. ಹಾಗಾಗಿ ಬೆಳಿಗ್ಗೆ ಸಂಜೆ ನೋಡಿದ ಜ್ವರ, ನುಂಗಿದ ಗುಳಿಗೆ, ಬಂದ ವಾಂತಿ ಇವನ್ನೆಲ್ಲ ಬರೆದಿಡಿ ಎಂದು ವೈದ್ಯರು ಹೇಳಿದರು. ನಾನು ಇನ್ನೂರು ಪುಟದ ಗೆರೆ ಹಾಳೆಯ ಪುಸ್ತಕವೊಂದನ್ನು ತಂದುಕೊಟ್ಟೆ. ಅವಳು ಮುಂದಿನ ಪುಟಗಳಲ್ಲಿ ಸ್ಕೇಲ್ ಇಟ್ಟು ಅಂಕಣ ಎಳೆದು ಜ್ವರ ಬರೆಯತೊಡಗಿದಳು. ಕೆಲವು ದಿನಗಳ ನಂತರ ಅದೇ ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿ ಹಿಂದಿನ ರಟ್ಟಿನಿಂದ ಇನ್ನೇನನ್ನೋ ಬರೆಯುತ್ತಿರುವುದು ಕಾಣಿಸಿತು. ಏನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿರುವುದು ಅವಳಾಗಿ ಓದಿ ಹೇಳಿದ ಸಾಲುಗಳ ಆಧಾರದಿಂದ, ಮತ್ತು ಬೇಡವೆಂದರೂ ಕಿವಿಗೆ ಬಿದ್ದ ಒಂದು ಸಾಲಿನಿಂದ. 'ಹೆಸರು, ಊರು ಬಿಟ್ಟು ಬರೀರಿ ಅಕ್ಕೋರೆ' ಎಂದು ಅವಳು ಒಪ್ಪಿಗೆ ಕೊಟ್ಟಿದ್ದಾಳೆ.

ಈ ಬರವಣಿಗೆ ಸಲೀಸಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ವಿನ್‌ಕ್ರಿಸ್ಟಿನ್ ಎಂಬ ಔಷಧ ನರಗಳನ್ನು ತಾಕುತ್ತದೆ, ಬೆರಳ ತುದಿಗಳು ಜೋಮು ಹಿಡಿಯುತ್ತವೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾದ ವಾರಗಳಲ್ಲಿ ಪೆನ್ನೂ ಅವಳ ಬೆರಳಿನಿಂದ ಜಾರುತ್ತಿತ್ತು. ಅವಳು ಪೆನ್ನಿಗೆ ಹತ್ತಿ ಸುತ್ತಿ, ಅದರ ಮೇಲೆ ಡ್ರೆಸಿಂಗಿನ ಅಂಟುಪಟ್ಟಿ ಬಿಗಿದು, ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಂಡಳು. ಸೂಜಿ ಚುಚ್ಚಲು ಬಂದ ನರ್ಸ್‌ಗೆ ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಎಡಗೈ ಚಾಚುತ್ತಿದ್ದಳು. ಎಡಗೈಯ ರಕ್ತನಾಳ ಸಿಗದೆ ಮತ್ತೊಮ್ಮೆ ಚುಚ್ಚಿಸಿಕೊಂಡದ್ದೂ ಉಂಟು. ಅಕ್ಷರಗಳು ಒಂದನೇ ತರಗತಿಯ ಮಗುವಿನವುಗಳಂತೆ ದೊಡ್ಡದಾಗಿ, ಗೆರೆ ದಾಟಿ ಬೀಳುತ್ತಿದ್ದವು. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ಒತ್ತಕ್ಷರ ತಿದ್ದಿದವಳು ನಾನು, ದೂರದಿಂದ ಕಂಡರೂ ಕೈ ತುರಿಸುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅವಳು ಮೊದಲು ಓದಿ ಹೇಳಿದ್ದು ಒಂದು ಊಟದ ಪುಟ. ಸ್ಟೆರಾಯ್ಡ್ ಗುಳಿಗೆ ನಡೆಯುವ ದಿನಗಳಲ್ಲಿ ಹಸಿವು ಹೊಟ್ಟೆಗೆ ಬೆಂಕಿ ಬಿದ್ದಂತೆ ಏಳುತ್ತದೆ, ನಿದ್ದೆ ಹಾರಿಹೋಗುತ್ತದೆ. ದಾದರ್‌ನ ಧರ್ಮಶಾಲೆಯಲ್ಲಿ ನಡುರಾತ್ರಿ ಎದ್ದು ಕುಳಿತು ಅವಳು ಪುಂಡಿ ಪಲ್ಯ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಎಂದು ಬರೆದುಕೊಂಡಿದ್ದಳು. ಯಾರ ಮನೆಯ ಹೋಳಿಗೆ ಎಂಬುದನ್ನೂ ನಮೂದಿಸಿದ್ದಳು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅವಳೇ ಕಂಡುಹಿಡಿದಳು. ಅವ್ವನ ಮೇಲೆ ರೇಗಿ ತಾಟು ಎಸೆದ ದಿನಗಳ ಬಗ್ಗೆ ಹಿಂದಿನ ಪುಟಗಳಲ್ಲಿ ಬರೆದದ್ದನ್ನು, ಮುಂದಿನ ಪುಟಗಳ ಗುಳಿಗೆಯ ಲೆಕ್ಕದ ಜೊತೆ ಹೋಲಿಸಿ ನೋಡಿದಾಗ, ರೇಗಾಟವೆಲ್ಲ ಸ್ಟೆರಾಯ್ಡ್ ದಿನಗಳಲ್ಲೇ ಬಂದು, ಗುಳಿಗೆ ನಿಂತ ಮೇಲೆ ಇಳಿದಿತ್ತು. 'ನಾ ಕೆಟ್ಟಾಕಿ ಆಗೀನಿ ಅಂತ ತಿಳ್ಕೊಂಡಿದ್ದೆ' ಎಂದಳು. ವೈದ್ಯರಿಗೆ ಅದನ್ನು ತೋರಿಸಿದಾಗ ಅವರು ಔಷಧದ ಗುಣವೇ ಹಾಗೆಂದು ವಿವರಿಸಿದರು. ವೈದ್ಯರು ತಾವಾಗಿ ಹೇಳಿದ್ದರೆ ಅವಳು ಅಷ್ಟು ನಂಬುತ್ತಿದ್ದಳೋ ಇಲ್ಲವೋ.

ನೋವಿನ ಬಗ್ಗೆ ಬರೆಯುವುದರಿಂದ ಏನಾಗುತ್ತದೆ ಎಂಬುದನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಅಮೆರಿಕದ ಟೆಕ್ಸಾಸ್‌ನ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಬದುಕಿನ ಅತ್ಯಂತ ಕಹಿ ಅನುಭವವನ್ನು ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು, ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆಯನ್ನೂ ಅದರ ಸಂಕಟವನ್ನೂ ಕೂಡಿಸಿ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅವರೆಲ್ಲ ಆರೋಗ್ಯವಂತ ಯುವಕ ಯುವತಿಯರು. ಕ್ಯಾನ್ಸರ್ ರೋಗಿಗಳ ಮೇಲೆ ಆಮೇಲೆ ನಡೆದ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಬಂದಿಲ್ಲ, ಕೆಲವರಿಗೆ ಉಪಯೋಗವಾಗಿದೆ, ಕೆಲವರಿಗೆ ಏನೂ ಆಗಿಲ್ಲ. ಬರೆಯುವುದರಿಂದ ರಕ್ತದ ಕೌಂಟ್ ಏರುವುದಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 'ಒಳ್ಳೆಯದನ್ನೇ ಬರಿ, ದಿನಕ್ಕೆ ಮೂರು ಸಂತೋಷದ ಸಂಗತಿ ಬರಿ, ಕಾಯಿಲೆ ಓಡಿಹೋಗುತ್ತದೆ' ಎಂದು ಹಾಸಿಗೆಯ ಬಳಿ ಬಂದು ಉಪದೇಶ ಮಾಡುವ ಹಿತೈಷಿಗಳಿಗೆ ಬರವಿಲ್ಲ. ನಾಳೆ ಕಾಯಿಲೆ ಹೆಚ್ಚಾದರೆ ಮಗು ತನ್ನ ಬರವಣಿಗೆಯನ್ನೇ ದೂರಿಕೊಳ್ಳಬೇಕೆ?

ಜುಲೈನ ಆ ದಿನ ಬೆಳಗಿನಿಂದಲೇ ಮಳೆ ಹೊಡೆಯುತ್ತಿತ್ತು. ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು ನಿಂತಿದೆ, ಬೆಸ್ಟ್ ಬಸ್ಸುಗಳು ಬೇರೆ ದಾರಿ ಹಿಡಿದಿವೆ ಎಂಬ ಸುದ್ದಿ ಬಂದಾಗ ನಾವು ಡೇ ಕೇರ್ ವಾರ್ಡಿನಲ್ಲಿದ್ದೆವು. ಅಲರ್ಜಿ ಆಗದಿರಲೆಂದು ಕೀಮೋಕ್ಕೆ ಮುಂಚೆ ಕೊಡುವ ಏವಿಲ್ ಇಂಜೆಕ್ಷನ್ ಮಂಪರು ತರಿಸುತ್ತದೆ. ಹುಡುಗಿ ನಿದ್ದೆಗೆ ಜಾರಿದ್ದಳು. ಥಾಣೆಯಲ್ಲಿ ಗಾರೆ ಕೆಲಸ ಮಾಡುವ ಅವಳ ಸೋದರಮಾವ, ಮಳೆಯಿಂದ ಕೆಲಸ ನಿಂತದ್ದರಿಂದ, ರೈಲು ಸಿಕ್ಕಷ್ಟು ದೂರ ಬಂದು ಉಳಿದದ್ದನ್ನು ನಡೆದು, ತೊಯ್ದು ತೊಪ್ಪೆಯಾಗಿ ಬಂದಿದ್ದ. ಒಳ್ಳೆಯ ಮನುಷ್ಯ, ಸೊಸೆಗಾಗಿ ತನ್ನ ಗೆಳೆಯರನ್ನೆಲ್ಲ ಕರೆತಂದು ಪ್ಲೇಟ್‌ಲೆಟ್ ಕೊಡಿಸಿದವನು. ತಲೆ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತವನ ಕೈಗೆ ನೋಟ್‌ಬುಕ್ ಸಿಕ್ಕಿತು. ಜ್ವರದ ಅಂಕಣಗಳನ್ನು ನೋಡಿ ಮೆಚ್ಚಿ ತಲೆದೂಗಿದ. ಮತ್ತೆ ಪುಸ್ತಕವನ್ನು ತಿರುಗಿಸಿದ. ಹತ್ತನೆಯವರೆಗೆ ಓದಿದ್ದೆಂಬ ಉತ್ಸಾಹದಲ್ಲಿ, ಅಕ್ಕನಿಗೆ ಕೇಳಲೆಂದು ಗಟ್ಟಿಯಾಗಿಯೇ ಓದಿದ:

'ಅಪ್ಪ ಎಮ್ಮಿ ಎರಡೂ ಮಾರ್ಯಾನ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಾರ.'

ಅಲ್ಲಿಗೆ ಅವನ ದನಿ ಕಟ್ಟಿತು. ಎಮ್ಮೆ ಮಾರಿದ ಸಂಗತಿಯನ್ನು ಮಗಳಿಂದ ಮುಚ್ಚಿಡಬೇಕೆಂದು ಮನೆಯವರೆಲ್ಲ ಆಣೆ ಮಾಡಿದಂತೆ ಒಪ್ಪಿಕೊಂಡಿದ್ದರು. ಎದುರಿನ ಹಾಸಿಗೆಯ ಹುಡುಗನ ತಾಯಿ ಕನ್ನಡ ಬಾರದಿದ್ದರೂ ತಲೆ ಎತ್ತಿ ನೋಡಿದಳು. ಹುಡುಗಿಯ ಅವ್ವ ಎದ್ದು ಬಂದು, ತಮ್ಮನ ಕೈಯಿಂದ ನೋಟ್‌ಬುಕ್ ಕಸಿದುಕೊಂಡು, ಆಸ್ಪತ್ರೆಯ ಫೈಲುಗಳಿದ್ದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. 'ಇದು ಓದಬ್ಯಾಡ ತಮ್ಮಾ. ನನಗ ಓದ್ಲಾಕ ಬರಲ್ಲಂತೇ ಅಕಿ ಇದು ನನ್ನ ಬಲ್ಲಿ ಇಡ್ತಾಳ' ಎಂದಳು. ನನಗೆ ಆ ಮಾತು ಎರಡು ಕಡೆಯಿಂದಲೂ ನಾಟಿತು. ದೊಡ್ಡವರಿಗೆ ಅಕ್ಷರ ಕಲಿಸುವ ರಾತ್ರಿ ತರಗತಿಗಳಲ್ಲಿಯೂ ದುಡಿದವಳು ನಾನು.

ಹುಡುಗಿ ಎಚ್ಚರವಾದಾಗ ಅವ್ವ ಏನನ್ನೂ ಮುಚ್ಚಿಡಲಿಲ್ಲ. ಮಾವ ಓದಿದ್ದನ್ನೂ, ಓದಿದ ಸಾಲನ್ನೂ ಹೇಳಿದಳು. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಾವ ಅಪರಾಧಿಯಂತೆ ಕೆಳಗೆ ಹೋಗಿ ಎಳನೀರು ತಂದ, ಅವಳು ಮುಟ್ಟಲಿಲ್ಲ. ಸಂಜೆ ನೀರು ಇಳಿದು ಟ್ಯಾಕ್ಸಿಯಲ್ಲಿ ದಾದರ್‌ಗೆ ಹೊರಟಾಗ ಮಾತ್ರ, ಮುಂದಿನ ಸೀಟಿನಲ್ಲಿದ್ದ ಮಾವನಿಗೆ 'ಎಷ್ಟಕ್ಕ ಹೋದ್ವು?' ಎಂದು ಕೇಳಿದಳು. ಅವನು ಅಕ್ಕನ ಮುಖ ನೋಡಿ, ಬೆಲೆ ಹೇಳಿದ. ಅಲ್ಲಿಂದ ಧರ್ಮಶಾಲೆ ಮುಟ್ಟುವವರೆಗೆ ಆ ಮೂವರೂ ಎಮ್ಮೆಗಳ ಬಗ್ಗೆ, ಕೊಂಡವನ ಬಗ್ಗೆ, ಬೆಲೆ ಕಮ್ಮಿಯಾಯಿತೋ ಹೇಗೆ ಎಂಬುದರ ಬಗ್ಗೆ ಮಾತಾಡಿದರು. ಮರೆಮಾಚಿದ್ದ ವಿಷಯ ಬಯಲಾದದ್ದು ಒಳ್ಳೆಯದೇ ಆಯಿತೆಂದು ಯಾರಾದರೂ ವಾದಿಸಬಹುದು. ನಾನು ಒಪ್ಪುವುದಿಲ್ಲ. ಅದನ್ನು ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಎಂಬುದು ಅವಳ ಕೈಯಲ್ಲಿ ಉಳಿದಿದ್ದ ಕೆಲವೇ ಕೆಲವು ತೀರ್ಮಾನಗಳಲ್ಲಿ ಒಂದಾಗಿತ್ತು. ಚುಚ್ಚುವ ದಿನ, ಉಪವಾಸದ ದಿನ, ಕೂದಲು ಉದುರುವ ದಿನ ಎಲ್ಲವನ್ನೂ ಬೇರೆಯವರು ನಿರ್ಧರಿಸುತ್ತಾರೆ.

ಅದಾದ ಮೇಲೆ ಬಹಳ ದಿನ ಅವಳು ಹಿಂದಿನ ಪುಟಗಳನ್ನು ಮುಟ್ಟಲಿಲ್ಲ. ಜ್ವರದ ಅಂಕಣಗಳು ಮಾತ್ರ ತುಂಬುತ್ತಿದ್ದವು. ಮತ್ತೆ ಶುರು ಮಾಡಿದ್ದು ಯಾವಾಗ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಒಂದು ಸಂಜೆ ಅವಳಾಗಿ ಪುಸ್ತಕ ತಿರುಗಿಸಿ ನನ್ನ ಮುಂದೆ ಹಿಡಿದಳು. 'ಗುಳಗಿ ಸಾಕಾಗ್ಯಾವ. ಎರಡು ದಿನದ್ದು ನುಂಗಿಲ್ಲ' ಎಂದಿತ್ತು. ಖಾಸಗಿ ಪುಟ ಖಾಸಗಿಯಾಗಿರಬೇಕೆಂದು ಇಷ್ಟು ಹೊತ್ತು ವಾದಿಸಿದವಳಿಗೆ ಇಲ್ಲೊಂದು ಗಡಿಯಿದೆ. ಈ ಕಾಯಿಲೆಯಲ್ಲಿ ಗುಳಿಗೆ ತಪ್ಪಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚುತ್ತದೆ. ಹದಿಹರೆಯದವರು ಹೀಗೆ ತಪ್ಪಿಸುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ತೋರಿಸಿದ್ದೇ ಅವಳು ಕೇಳಿದ ಸಹಾಯವೆಂದು ನಾನು ಅರ್ಥಮಾಡಿಕೊಂಡೆ. 'ಇದನ್ನು ಡಾಕ್ಟರಿಗೆ ನೀನು ಹೇಳುತ್ತೀಯೋ, ನಾನು ಹೇಳಲೋ?' ಎಂದು ಕೇಳಿದೆ. ಮರುದಿನ ನಾವಿಬ್ಬರೂ ಹೋದೆವು. ವೈದ್ಯರು ಗದರಲಿಲ್ಲ. ವಾಕರಿಕೆಗೆ ಬೇರೆ ಔಷಧ ಬರೆದು, ಅವಳನ್ನು ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಬದುಕೇ ಬೇಡವೆಂಬ ಸಾಲು ಕಂಡರೆ ಮರುದಿನದವರೆಗೂ ಕಾಯಬಾರದು. ರಾತ್ರಿಯ ಹೊತ್ತಾದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತಾಡುವವರು ಸಿಗುತ್ತಾರೆ.

ಬಿರುಸಿನ ಕೀಮೋ ಮುಗಿದು, ಮುಂದಿನ ಗುಳಿಗೆಗಳನ್ನು ಊರಿನಲ್ಲಿದ್ದು ತೆಗೆದುಕೊಳ್ಳುವುದೆಂದು ತೀರ್ಮಾನವಾದಾಗ, ಅಲ್ಲಿಯ ವೈದ್ಯರಿಗೆ ತೋರಿಸಲು ನೋಟ್‌ಬುಕ್ಕಿನ ಜೆರಾಕ್ಸ್ ಬೇಕಾಯಿತು. ಅಂಗಡಿಯವನು ಪುಸ್ತಕಕ್ಕೆ ಕೈ ಚಾಚಿದ. ಹುಡುಗಿ ಕೊಡದೆ, ಕೌಂಟರಿನ ಒಳಗೆ ತಾನೇ ನುಗ್ಗಿ, ಒಂದೊಂದೇ ಜ್ವರದ ಪುಟವನ್ನು ಗಾಜಿನ ಮೇಲೆ ಮಗುಚಿ ಇಟ್ಟು, 'ಹ್ಞಾಂ, ಅಬ್ ದಬಾವ್' ಎನ್ನುತ್ತ ಹೋದಳು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರು. ಅವಳು ಲೆಕ್ಕಿಸಲಿಲ್ಲ. ಮಾವ ಪಕ್ಕದ ಅಂಗಡಿಯಿಂದ ಅವಳಿಗೆ ಹೊಸ ನೋಟ್‌ಬುಕ್ ತಂದಿದ್ದ. ಅವಳು ಅದನ್ನು ತಿರುವಿ ನೋಡಿ, ಗೆರೆ ಇಲ್ಲದ್ದು ಬೇಕೆಂದು ಅವನನ್ನು ವಾಪಸ್ ಕಳಿಸಿದಳು.